‘ಎಷ್ಟು ಕೊಡ್ತಾರೆ ಮಾರಾಯ್ರೆ?’

ಹೆಗಲಿಗೆ ಬ್ಯಾಗು, ಸೊಂಟದಲ್ಲಿ ವಾಕಿಟಾಕಿ, ಕಂಕುಳಲ್ಲಿ ಸುರುಳಿ ಸುತ್ತಿದ ವೈರು. ನಸುಕಿಗೇ ಈ ಅವತಾರದಲ್ಲಿ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಪರಿಚಯದವರು ಸುಮ್ಮನೆ ಬಿಡುತ್ತಾರೆಯೇ? ಕಾಡಿನೊಳಗೆ ಓಟದ ಸ್ಪರ್ಧೆ ಇದೆ, ಹ್ಯಾಮ್ ರೇಡಿಯೋ ಹಿಡಿದು ಕೂರಲು ಹೊರಟಿದ್ದೇನೆ ಅಂದರೆ ಮರುಪ್ರಶ್ನೆ ಒಂದೇ: “ಎಷ್ಟು ಕೊಡ್ತಾರೆ ಮಾರಾಯ್ರೆ?”

ಏನೂ ಇಲ್ಲ. ಕೊಟ್ಟರೂ ಮುಟ್ಟುವ ಹಾಗಿಲ್ಲ. ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋ; ಹವ್ಯಾಸಿ ಎಂದರೇ ಹಣದ ಲಾಭಕ್ಕಲ್ಲದ್ದು ಅಂತ 1978ರ ನಿಯಮಗಳಲ್ಲೇ ಇದೆ. ಪರೀಕ್ಷೆ ಪಾಸು ಮಾಡಿ, ಕೇಂದ್ರ ಸರ್ಕಾರದ ಲೈಸೆನ್ಸ್ ತಗೊಂಡು ಪುಕ್ಕಟೆ ದುಡಿಯುತ್ತೇನೆ ಅಂದರೆ ನಮ್ಮ ಅತ್ತಿಗೆ ಇವತ್ತಿಗೂ ನಂಬುವುದಿಲ್ಲ.

ಮೊಬೈಲ್ ಸಿಗ್ನಲ್ ಇಲ್ಲದ ಕಡೆ ನಾವು ಬೇಕಾಗುತ್ತೇವೆ. ಆದರೆ ನಮ್ಮ ಸೆಟ್ಟೂ ಮಂತ್ರದಂಡವಲ್ಲ. 144ರಿಂದ 146 ಮೆಗಾಹರ್ಟ್ಸ್‌ನ ಅಲೆಗಳಿಗೆ ನೇರ ದಾರಿ ಬೇಕು. ಗುಡ್ಡ ಅಡ್ಡ ಬಂದರೆ 5 ವ್ಯಾಟಿನ ಕೈಸೆಟ್ಟು ಮೂಕವಾಗುತ್ತದೆ. ಮಲೆನಾಡಿನಲ್ಲಿ ಗುಡ್ಡಕ್ಕೇನು ಬರ! ಹಾಗಾಗಿ ಒಬ್ಬ ನೆತ್ತಿಯ ಮೇಲೆ ಕೂತು ಆಚೆಯವರ ಮಾತನ್ನು ಈಚೆಗೆ ದಾಟಿಸಬೇಕು. ಸಾಮಾನ್ಯವಾಗಿ ಆ ಒಬ್ಬ ನಾನೇ.

ಆಂಟೆನಾ ಏರಿಸಲು ಹತ್ತಿರದ ತೋಟದ ಮನೆಯಲ್ಲಿ ಅಡಿಕೆ ಕೊಯ್ಯುವ ಉದ್ದನೆಯ ದೋಟಿ ಕೇಳುತ್ತೇನೆ. ಮೊದಲ ಸಲ ಯಜಮಾನರು ಪ್ರೀತಿಯಿಂದ ಹೊಸಾ ಕಾರ್ಬನ್ ಫೈಬರ್ ದೋಟಿಯನ್ನೇ ಕೊಟ್ಟಿದ್ದರು. ಹಳೇ ಟಿವಿಯ ಚಪ್ಪಟೆ ವೈರಿನಿಂದ ಮಾಡಿದ ನನ್ನ ಆಂಟೆನಾವನ್ನು ಅದಕ್ಕೆ ಒತ್ತಿ ಕಟ್ಟಿದ್ದೇ ತಡ, ಟ್ಯೂನಿಂಗ್ ಪೂರ್ತಿ ಹಾಳು. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ ಅನ್ನುವುದು ಮರೆತೇ ಹೋಗಿತ್ತು. ಈಗ ಹಿತ್ತಿಲಲ್ಲಿ ಬಿದ್ದ ಬಿದಿರಿನ ದೋಟಿಯನ್ನೇ ಕೇಳಿ ತರುತ್ತೇನೆ.

ಆಮೇಲಿನದು ಬರೀ ಗುಮಾಸ್ತಿಕೆ. ಯಾವ ನಂಬರಿನ ಓಟಗಾರ ಎಷ್ಟು ಗಂಟೆಗೆ ದಾಟಿದ, ಬರೆಯುವುದು, ಹೇಳುವುದು, ಕಾಲಿಗೆ ಹತ್ತಿದ ಉಂಬಳ ಕೀಳುವುದು.

ಒಂದು ಸಲ ಮಳೆ ಹಿಡಿದಿತ್ತು. ತಲೆಯ ಮೇಲೆ ಟಾರ್ಪಾಲು ಪಟಪಟ. ಆಚೆಯವರು “ಎಪ್ಪತ್ತಾರು ದಾಟಿದ್ರು” ಅಂದದ್ದು ನನಗೆ “ಎಂಬತ್ತಾರು” ಅಂತ ಕೇಳಿಸಿತು. ಹಾಗೇ ಬರೆದೆ, ಹಾಗೇ ಕೆಳಗೆ ಹೇಳಿದೆ. ಎಪ್ಪತ್ತಾರು ಕಾಣೆ ಅಂತ ಎಲ್ಲರೂ ಹುಡುಕುತ್ತಿದ್ದರೆ, ಆ ಪುಣ್ಯಾತ್ಮ ನಲವತ್ತು ನಿಮಿಷದ ಮೇಲೆ ನಗುತ್ತಾ ಕೆಳಗಿಳಿದು ಮಜ್ಜಿಗೆ ಕೇಳಿದನಂತೆ. ಆಗ ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಹಾಗಾದರೆ ಎಂಬತ್ತಾರು ಎಲ್ಲಿ? ಪಾದ ಉಳುಕಿ ಹಳ್ಳದ ದಂಡೆಯಲ್ಲಿ ಕೂತಿದ್ದ ಆ ಹುಡುಗಿಯನ್ನು ಯಾರೂ ಹುಡುಕುತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಅವಳು ಆಗಲೇ ದಾಟಿಯಾಗಿತ್ತಲ್ಲ! ಎಲ್ಲರ ಹಿಂದೆ ನಡೆದು ಬರುವ ಸ್ವೀಪರ್‌ಗಳು ಅವಳನ್ನು ಎತ್ತಿಕೊಂಡು ಬಂದರು. ಅವಳು ನನಗೇ ಥ್ಯಾಂಕ್ಸ್ ಹೇಳಿದಳು. ನಾನು ಬಾಯಿ ಬಿಡಲಿಲ್ಲ.

ಅವತ್ತಿನಿಂದ ನಂಬರನ್ನು ಬಿಡಿಬಿಡಿಯಾಗಿ ಹೇಳಿಸುತ್ತೇನೆ, “ಏಳು, ಆರು”. ಕೇಳಿದ್ದನ್ನು ತಿರುಗಿ ಒಪ್ಪಿಸುತ್ತೇನೆ. ಹೊಸಬರು ನಗುತ್ತಾರೆ, ನಗಲಿ. ಕೊನೆಯ ನಂಬರು ಕೆಳಗೆ ಮುಟ್ಟಿತು ಅಂತ ಕಿವಿಗೆ ಬೀಳುವ ತನಕ ದೋಟಿ ಇಳಿಸುವುದಿಲ್ಲ. ಅದಕ್ಕೇ ಎಷ್ಟೋ ಸಲ ಕೊನೆಯ ಬಸ್ಸು ತಪ್ಪುತ್ತದೆ. ಸಿಕ್ಕಿದರೂ ಟಿಕೆಟ್ಟಿನ ದುಡ್ಡು ನನ್ನದೇ.