ಜುಲೈ 25ರ ಹಿಂದೆ ನಮ್ಮ ಜತ್ತಿಯವರು

ಸೋಮವಾರ, 25 ಜುಲೈ 2022
ಬಾಗಲಕೋಟೆ

ಬೆಳಗ್ಗೆ ಅವಲಕ್ಕಿ ತಟ್ಟೆ ಹಿಡಿದು ಟಿ.ವಿ. ಮುಂದೆ ಕೂತೆ. ಹತ್ತೂಕಾಲಿಗೆ ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ಹೊಸ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರಿಗೆ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಪ್ರಮಾಣವಚನ ಬೋಧಿಸಿದರು. 21 ಕುಶಾಲ ತೋಪು ಹಾರಿದವು. ಇಡೀ ಸಮಾರಂಭದಲ್ಲಿ ನನಗೆ ಇಷ್ಟವಾಗೋದು ಕುರ್ಚಿ ಬದಲಾಯಿಸೋ ಗಳಿಗೆ. ಇಳಿಯುವ ರಾಷ್ಟ್ರಪತಿ ಕೋವಿಂದ್ ಅವರು ಎದ್ದು ಪಕ್ಕದ ಕುರ್ಚಿಗೆ ಹೋದರು, ಇವರು ಆ ಕುರ್ಚಿಗೆ ಬಂದರು. ಅಷ್ಟೇ, ಮುಗೀತು. ಆಮೇಲೆ ಮುರ್ಮು "ಜೋಹಾರ್" (ಬುಡಕಟ್ಟಿನವರ ನಮಸ್ಕಾರ) ಅಂತ ಮಾತು ಶುರುಮಾಡಿದಾಗ ಮೈ ಜುಮ್ಮೆಂದಿತು.

ಮಗಳು ಕೇಳಿದಳು: "ಪ್ರತಿ ಸಲಾನೂ ಜುಲೈ 25ನೇ ತಾರೀಖೇ ಯಾಕ? ಸಂವಿಧಾನದಾಗ ಬರದಾರೇನು?"

ಬರೆದಿಲ್ಲ. ಅದು ಸಾವುಗಳು ಸರಿಸಿದ ತಾರೀಖು. ರಾಜೇಂದ್ರ ಪ್ರಸಾದರು ಮೊದಲು ಪ್ರಮಾಣ ಮಾಡಿದ್ದು 1950ರ ಜನವರಿ 26ರಂದು. 1952ರಿಂದ ಮೇ 13 ರೂಢಿಯಾಯಿತು. 1969ರ ಮೇ 3ರಂದು ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಹೀಗೆ ಮಧ್ಯದಲ್ಲಿ ಆಯ್ಕೆಯಾಗಿ ಬಂದವರಿಗೆ ಉಳಿದ ಅವಧಿಯಲ್ಲ, ಪೂರ್ತಿ ಐದು ವರ್ಷ ಸಿಗುತ್ತದೆ. ಹಾಗಾಗಿ ವಿ.ವಿ. ಗಿರಿಯವರಿಂದ ತಾರೀಖು ಆಗಸ್ಟ್ 24ಕ್ಕೆ ಜಾರಿತು. ಅಮೆರಿಕದಲ್ಲಿ ಹಂಗಲ್ಲ. ಅಧ್ಯಕ್ಷ ಸತ್ತರೆ ಉಪಾಧ್ಯಕ್ಷ ಉಳಿದ ದಿನಗಳನ್ನಷ್ಟೇ ಮುಗಿಸುತ್ತಾನೆ. ಅದಕ್ಕೇ ಅವರ ಜನವರಿ 20 ಅಲುಗಾಡೋದಿಲ್ಲ.

1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಆಗ ಹಂಗಾಮಿ ರಾಷ್ಟ್ರಪತಿಯಾದವರು ಉಪರಾಷ್ಟ್ರಪತಿಯಾಗಿದ್ದ ನಮ್ಮ ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ, ಒಂದು ಕಾಲದ ಮೈಸೂರು ಮುಖ್ಯಮಂತ್ರಿ. ಬರೀ ಐದೂವರೆ ತಿಂಗಳು. ಆದರೆ ಎಂಥಾ ಐದೂವರೆ ತಿಂಗಳು! ತುರ್ತು ಪರಿಸ್ಥಿತಿ ಹಿಂತೆಗೆದಾಗ ಆ ಪೀಠದಲ್ಲಿದ್ದವರು ಇವರೇ. ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಇವರೇ. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸೋ ಕಾಗದ ಬಂದಾಗ ತಕ್ಷಣ ಸಹಿ ಹಾಕಲಿಲ್ಲ, ಒಂದು ದಿನ ತಡೆದರು. ಆ ತಡೆಯುವಿಕೆ ಸರಿಯೋ ತಪ್ಪೋ ಅಂತ ನಮ್ಮಪ್ಪ ಕಟ್ಟೆ ಮೇಲೆ ಕೂತು ಎಷ್ಟು ವಾದ ಮಾಡಿರಬೇಕೋ! ನನಗಂತೂ ಆ ಒಂದು ದಿನ ಹೆಮ್ಮೆಯದು.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಬಂದರು, ಜತ್ತಿ ಮತ್ತೆ ಉಪರಾಷ್ಟ್ರಪತಿ ಕೆಲಸಕ್ಕೆ ಮರಳಿದರು. ಆಮೇಲೆ ಬಂದ ರಾಷ್ಟ್ರಪತಿಗಳೆಲ್ಲ ಐದು ವರ್ಷ ಪೂರೈಸಿಯೇ ಇಳಿದಿದ್ದಾರೆ. ಅದಕ್ಕೇ ತಾರೀಖು ಅಲ್ಲೇ ನಿಂತಿದೆ.

ಮಗಳು ತನ್ನ ಜಿ.ಕೆ. ಪುಸ್ತಕ ತೆಗೆದಳು. ಮುರ್ಮು 15ನೆಯವರು. ಜತ್ತಿಯವರಿಗೆ ನಂಬರೇ ಇಲ್ಲ, ಹಂಗಾಮಿಗಳನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ. "ಅವರೂ ಇದೇ ಪ್ರಮಾಣ ಮಾಡಿದ್ರಲ್ಲ?" ಅಂದಳು. ಹೌದು, ಸಂವಿಧಾನದ 60ನೇ ವಿಧಿ ಹಂಗಾಮಿಗಳಿಗೂ ಅದೇ ಮಾತುಗಳನ್ನು ಆಡಿಸುತ್ತದೆ. ಐದಕ್ಕೂ ಆರಕ್ಕೂ ನಡುವೆ ಪೆನ್ಸಿಲಿನಲ್ಲಿ ಸಣ್ಣಗೆ "ಜತ್ತಿ" ಅಂತ ಬರೆದುಕೊಂಡಳು. ಅವಲಕ್ಕಿ ಅಷ್ಟೊತ್ತಿಗೆ ಆರಿಹೋಗಿತ್ತು.