ಅಮೆರಿಕದ ಆಫೀಸಿನಲ್ಲಿ ‘ಇಂಗ್ಲಿಷ್ ಮಾತ್ರ’: ನಿಯಮ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ

ಅಮೆರಿಕದಲ್ಲಿ ಎಚ್‌ಆರ್ ಕೆಲಸ ಮಾಡುವವರಿಗೆ ಭಾಷೆಯ ದೂರು ಎರಡು ದಿಕ್ಕಿನಿಂದ ಬರುತ್ತದೆ. ಊಟದ ಹೊತ್ತಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ಮ್ಯಾನೇಜರ್ ಗದರಿದರು ಅನ್ನುವುದು ಒಂದು. ಮೀಟಿಂಗಿನ ನಡುವೆ ಇಂಡಿಯನ್ನರು ತಮ್ಮ ಭಾಷೆಗೆ ಹೊರಳುತ್ತಾರೆ, ನನಗೆ ಏನೂ ತಿಳಿಯುವುದಿಲ್ಲ ಅನ್ನುವುದು ಇನ್ನೊಂದು. ಎರಡನ್ನೂ ಅಳೆಯುವ ಕೋಲು ಒಂದೇ, 1964ರ ನಾಗರಿಕ ಹಕ್ಕು ಕಾಯ್ದೆಯ ‘ಟೈಟಲ್ ಸೆವೆನ್’. 15 ಅಥವಾ ಹೆಚ್ಚು ನೌಕರರಿರುವ ಕಡೆ ಅದು ಅನ್ವಯಿಸುತ್ತದೆ. ಅದರಲ್ಲಿ ಭಾಷೆಯ ಹೆಸರಿಲ್ಲ, ಇರುವುದು ‘ರಾಷ್ಟ್ರೀಯ ಮೂಲ’. ತಾಯ್ನುಡಿ ಆ ಮೂಲದ ಜೊತೆಗೇ ಬರುವಂಥದ್ದು ಎಂಬುದು ಈ ಕಾಯ್ದೆಯ ಜಾರಿ ಸಂಸ್ಥೆಯಾದ ಸಮಾನ ಉದ್ಯೋಗಾವಕಾಶ ಆಯೋಗದ (ಇಇಒಸಿ) ನಿಲುವು.

ಇಇಒಸಿ ಮಾರ್ಗಸೂಚಿ ನಿಯಮಗಳನ್ನು ಎರಡಾಗಿ ಒಡೆಯುತ್ತದೆ. ಕೆಲಸದ ಜಾಗದಲ್ಲಿ ಇಡೀ ದಿನ ಇಂಗ್ಲಿಷೇ ಆಡಬೇಕು ಅಂದರೆ ಅದು ತಾರತಮ್ಯ ಎಂದೇ ಮೊದಲು ಭಾವಿಸಲಾಗುತ್ತದೆ. ಇಂಥ ಕೆಲಸಕ್ಕೆ, ಇಂಥ ಹೊತ್ತಿಗೆ ಮಾತ್ರ ಅಂದರೆ ಆ ಕೆಲಸಕ್ಕೆ ಇಂಗ್ಲಿಷ್ ನಿಜಕ್ಕೂ ಬೇಕೇಬೇಕು ಎಂದು ಕಂಪನಿ ತೋರಿಸಬೇಕು. ಅದರ ಜೊತೆಗೆ, ಯಾವಾಗ ಆಡಬೇಕು, ತಪ್ಪಿದರೆ ಏನಾಗುತ್ತದೆ ಎಂಬುದನ್ನು ನೌಕರರಿಗೆ ಮೊದಲೇ ತಿಳಿಸಿರಬೇಕು. ಹೆಚ್ಚಿನ ಕಡೆ ಎಡವಟ್ಟಾಗುವುದು ಇಲ್ಲೇ: ಮ್ಯಾನೇಜರ್ ಒಂದು ದಿನ ಬಾಯಿಮಾತಲ್ಲಿ ಹೇಳಿರುತ್ತಾರೆ, ಮರುವಾರ ಒಬ್ಬರಿಗೆ ವಾರ್ನಿಂಗ್ ಲೆಟರ್ ಹೋಗಿರುತ್ತದೆ. ಅದೇ ಮಹಡಿಯಲ್ಲಿ ಫ್ರೆಂಚ್ ಆಡುವವರಿಗೆ ಯಾರೂ ಏನೂ ಅಂದಿರುವುದಿಲ್ಲ.

ಬರವಣಿಗೆಯಲ್ಲಿ ವ್ಯತ್ಯಾಸ ಹೀಗೆ ಕಾಣುತ್ತದೆ. ‘ವೃತ್ತಿಪರ ವಾತಾವರಣಕ್ಕಾಗಿ ಆಫೀಸಿನಲ್ಲಿ ಇಂಗ್ಲಿಷ್ ಬಳಸಿ’: ಇದು ನಿಲ್ಲುವುದು ಕಷ್ಟ. ‘ಪ್ರೊಡಕ್ಷನ್ ಸಮಸ್ಯೆಯ ತುರ್ತು ಕರೆಯಲ್ಲಿ, ಅದು ಮುಗಿಯುವ ತನಕ, ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡಬೇಕು; ಮೊದಲ ಸಲ ನೆನಪಿಸಲಾಗುವುದು’: ಇದು ನಿಲ್ಲಬಹುದು. ಎರಡನೆಯದರಲ್ಲಿ ಕೆಲಸ, ಅವಧಿ, ಪರಿಣಾಮ ಮೂರೂ ಇವೆ. ಯಂತ್ರಗಳ ಬಳಿಯ ಸುರಕ್ಷತೆ, ಇಂಗ್ಲಿಷ್ ಮಾತ್ರ ಬಲ್ಲ ಗ್ರಾಹಕರ ಜೊತೆಗಿನ ಮಾತು, ಒಟ್ಟಾಗಿ ಮಾಡುವ ಕೆಲಸ ಇವೆಲ್ಲ ಒಪ್ಪುವ ಕಾರಣಗಳು. ‘ನನ್ನ ಬಗ್ಗೆಯೇ ಆಡಿಕೊಳ್ಳುತ್ತಾರೇನೋ’ ಎಂಬ ಪಕ್ಕದವರ ಅನುಮಾನಕ್ಕೆ ಇಡೀ ಆಫೀಸಿಗೆ ಬೀಗ ಹಾಕಲು ಬರುವುದಿಲ್ಲ. ನಿಜವಾಗಿ ಯಾರಾದರೂ ಕೆಟ್ಟದಾಗಿ ಆಡಿಕೊಂಡಿದ್ದರೆ ಅದು ಕಿರುಕುಳದ ದೂರು, ಅದನ್ನು ಹಾಗೆಯೇ ವಿಚಾರಿಸಬೇಕು.

ಎರಡು ಭಾಷೆ ಬಲ್ಲವರು ತಮಗೇ ತಿಳಿಯದಂತೆ ತಾಯ್ನುಡಿಗೆ ಜಾರುವುದು ಸಹಜ ಎಂದು ಮಾರ್ಗಸೂಚಿಯೇ ಹೇಳುತ್ತದೆ. ನಮ್ಮವರ ವಿಷಯದಲ್ಲಂತೂ ಇದು ದಿನನಿತ್ಯದ ಮಾತು. ‘ಆ ಪಿಆರ್ ಅಪ್ರೂವ್ ಮಾಡ್ಬಿಡು, ಡೆಪ್ಲಾಯ್ ನಾಳೆ ಇಟ್ಕೊಳ್ಳೋಣ’ ಅಂದರೆ ಯಾವ ಭಾಷೆ ಅಂತ ಬರೆದುಕೊಳ್ಳುತ್ತೀರಿ? ಒಂದು ಪದ ಜಾರಿದ್ದಕ್ಕೆಲ್ಲ ಶಿಸ್ತುಕ್ರಮ ಹಿಡಿದರೆ ನಿಯಮದ ಉದ್ದೇಶದ ಮೇಲೇ ಅನುಮಾನ ಬರುತ್ತದೆ.

ಆದರೆ ಮಾರ್ಗಸೂಚಿ ನೋಡಿ ಗೆದ್ದೆವು ಅಂದುಕೊಳ್ಳಬೇಡಿ. 1980ರಲ್ಲಿ ಟೆಕ್ಸಾಸಿನ ಮರಮುಟ್ಟಿನ ಅಂಗಡಿಯೊಂದರ ಸೇಲ್ಸ್‌ಮನ್, ಸಹೋದ್ಯೋಗಿಗೆ ಸ್ಪ್ಯಾನಿಷ್‌ನಲ್ಲಿ ಉತ್ತರಿಸಿ ಕೆಲಸ ಕಳೆದುಕೊಂಡ ‘ಗಾರ್ಸಿಯಾ ವರ್ಸಸ್ ಗ್ಲೂರ್’ ಪ್ರಕರಣದಲ್ಲಿ ಸೋತ. 1993ರಲ್ಲಿ ‘ಸ್ಪನ್ ಸ್ಟೀಕ್’ ಎಂಬ ಮಾಂಸದ ಕಂಪನಿಯ ಪ್ರಕರಣದ ತೀರ್ಪಿನಲ್ಲಿ ಒಂಬತ್ತನೇ ಸರ್ಕ್ಯೂಟ್ ಕೋರ್ಟ್ (ಪಶ್ಚಿಮದ ರಾಜ್ಯಗಳ ಫೆಡರಲ್ ಮೇಲ್ಮನವಿ ಕೋರ್ಟ್) ಮಾರ್ಗಸೂಚಿಯನ್ನೇ ಒಪ್ಪಲಿಲ್ಲ. ಎರಡೂ ಭಾಷೆ ಸರಾಗವಾಗಿ ಬಲ್ಲವರಿಗೆ ಇಂಗ್ಲಿಷ್ ಆಡಿ ಅಂದರೆ ತಾನಾಗಿಯೇ ಹಾನಿಯಾಗುವುದಿಲ್ಲ ಎಂಬುದು ಅದರ ವಾದ. ಇಂಗ್ಲಿಷ್ ಚೆನ್ನಾಗಿ ಬರುವ ಕನ್ನಡಿಗ ಇಂಜಿನಿಯರ್ ಫೆಡರಲ್ ಕಾನೂನೊಂದನ್ನೇ ನೆಚ್ಚಿಕೊಂಡರೆ ಈ ಮಾತಿಗೆ ಉತ್ತರ ಹುಡುಕಬೇಕಾಗುತ್ತದೆ.

ಹಾಗಾಗಿ ರಾಜ್ಯದ ಕಾನೂನು ಮುಖ್ಯ. ಕ್ಯಾಲಿಫೋರ್ನಿಯಾ ಆ ತೀರ್ಪು ಬಂದ ಸರ್ಕ್ಯೂಟಿನೊಳಗೇ ಇದ್ದರೂ ಅಲ್ಲಿನ ಕಾನೂನು ಬಿಗಿ. 5 ನೌಕರರಿದ್ದರೆ ಸಾಕು, ಅನ್ವಯಿಸುತ್ತದೆ. ಬೇರೆ ಹಗುರ ದಾರಿ ಇಲ್ಲ ಎಂದು ಕಂಪನಿಯೇ ತೋರಿಸಬೇಕು. ಗ್ರಾಹಕರಿಗೋ ಸಹೋದ್ಯೋಗಿಗಳಿಗೋ ಇಷ್ಟವಿಲ್ಲ ಎಂಬುದು ಕಾರಣವಾಗದು. ಬ್ರೇಕ್, ಊಟದ ಹೊತ್ತು, ಸಂಬಳವಿಲ್ಲದ ಆಫೀಸ್ ಕಾರ್ಯಕ್ರಮ ಇಲ್ಲೆಲ್ಲ ಇಂಗ್ಲಿಷ್ ಮಾತ್ರ ಎಂಬ ನಿಯಮ ಯಾವ ಕಾರಣಕ್ಕೂ ಸಲ್ಲದು. 2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆ ಮಾಡಿದ ಆದೇಶವನ್ನು ಕೆಲವು ಮ್ಯಾನೇಜರ್‌ಗಳು ಎತ್ತುತ್ತಾರೆ. ಅದು ಸರ್ಕಾರಿ ಸಂಸ್ಥೆಗಳಿಗೆ ಸಂಬಂಧಿಸಿದ್ದು, ಖಾಸಗಿ ಆಫೀಸಿನ ಊಟದ ಮೇಜಿಗಲ್ಲ.

ಉಚ್ಚಾರದ ಲೆಕ್ಕವೇ ಬೇರೆ. ಉಚ್ಚಾರ ಆ ಹುದ್ದೆಯ ಕೆಲಸಕ್ಕೆ ಗಣನೀಯವಾಗಿ ಅಡ್ಡಿಯಾದರೆ ಮಾತ್ರ ಅದನ್ನು ಕಾರಣ ಮಾಡಬಹುದು. ಹೊನೊಲುಲುವಿನ ಫ್ರಗಾಂಟೆ ಎಂಬ ಫಿಲಿಪಿನೊ ಅಭ್ಯರ್ಥಿ ಗುಮಾಸ್ತ ಹುದ್ದೆಯ ಲಿಖಿತ ಪರೀಕ್ಷೆಯಲ್ಲಿ ಮೊದಲಿಗರಾಗಿದ್ದರೂ 1989ರಲ್ಲಿ ಸೋತರು, ಯಾಕೆಂದರೆ ಅದು ದಿನವಿಡೀ ಕೌಂಟರಿನಲ್ಲಿ ಜನರ ಪ್ರಶ್ನೆಗೆ ಉತ್ತರಿಸುವ ಕೆಲಸ. ಬ್ಯಾಕೆಂಡ್ ಕೋಡ್ ಬರೆಯುವ ಹುದ್ದೆಗೆ ಅದೇ ವಾದ ಹೊಂದುವುದಿಲ್ಲ. ಸಂದರ್ಶನದ ಟಿಪ್ಪಣಿಯಲ್ಲಿ ‘ಆಕ್ಸೆಂಟ್ ಜಾಸ್ತಿ’ ಎಂದು ಬರೆಯುವವರು ದೂರುದಾರನ ವಕೀಲರಿಗೇ ಸಾಕ್ಷಿ ಒದಗಿಸುತ್ತಾರೆ. ‘ಗ್ರಾಹಕರ ಅಣಕು ಕರೆಯಲ್ಲಿ ವಿಳಾಸವನ್ನು ಮತ್ತೆ ಮತ್ತೆ ಕೇಳಬೇಕಾಯಿತು’ ಎಂದು ಬರೆದರೆ ಅದು ಕೆಲಸದ ಮಾತು.

ಈಗ ಎರಡನೇ ದಿಕ್ಕು, ನಮ್ಮವರು ಕೇಳಲು ಇಷ್ಟಪಡದ್ದು. ಲೀಡ್ ಆದ ಕನ್ನಡಿಗನೋ ತೆಲುಗರೋ ನಿರ್ಣಯಗಳನ್ನೆಲ್ಲ ತಮ್ಮ ಭಾಷೆಯಲ್ಲೇ ಮುಗಿಸಿ, ಉಳಿದವರಿಗೆ ಬರೀ ಸಾರಾಂಶ ದಾಟಿಸಿದರೆ, ಒಳ್ಳೆಯ ಕೆಲಸಗಳನ್ನು ಆ ವಲಯದೊಳಗೇ ಹಂಚಿದರೆ, ಹೊರಗುಳಿದವರಿಗೆ ಅದೇ ಟೈಟಲ್ ಸೆವೆನ್ ಇದೆ. ದೂರುದಾರ ಅಮೆರಿಕನ್ ಆಗಿರಬಹುದು, ಬೇರೆ ಭಾಷೆಯ ಭಾರತೀಯನೂ ಆಗಿರಬಹುದು. ಕಾಫಿಗೆ ಹೋದಾಗ ಯಾವ ಭಾಷೆಯಾದರೂ ಸರಿ. ಆದರೆ ಕಾಫಿಯಲ್ಲಿ ತೀರ್ಮಾನವಾದದ್ದನ್ನು ಟೀಮಿನ ಚಾನೆಲ್ಲಿನಲ್ಲಿ ಎಲ್ಲರಿಗೂ ಕಾಣುವಂತೆ ಇಂಗ್ಲಿಷಿನಲ್ಲಿ, ಕಾರಣ ಸಮೇತ ಹಾಕಿ.

ದೂರು ಕೊಡುವವರು ಮೊದಲು ದಿನಾಂಕ, ಜಾಗ, ಆಡಿದ ಮಾತು ಆಡಿದ ಹಾಗೆಯೇ, ಅಲ್ಲಿ ಯಾರಿದ್ದರು ಎಂಬುದನ್ನು ಅಂದೇ ಬರೆದಿಡಿ. ಬರೆದಿಡುವುದು ಸ್ವಂತ ಪುಸ್ತಕದಲ್ಲಿ. ಕಂಪನಿಯ ಗೌಪ್ಯ ಕಡತಗಳನ್ನು ಮನೆಯ ಇಮೇಲಿಗೆ ಕಳಿಸಿಕೊಂಡರೆ ಅದೇ ಕೆಲಸದಿಂದ ತೆಗೆಯಲು ನೆಪವಾಗುತ್ತದೆ. ಎಚ್‌ಆರ್‌ಗೆ ಬರೆಯುವಾಗ ‘ಬೇಜಾರಾಯಿತು’ ಎಂದು ಬಿಡದೆ ‘ರಾಷ್ಟ್ರೀಯ ಮೂಲದ ಕಾರಣ’ ಎಂದು ಸ್ಪಷ್ಟವಾಗಿ ಬರೆಯಿರಿ. ಆಮೇಲೆ ಸೇಡಿನ ಕ್ರಮ ನಡೆದರೆ ಆ ಒಂದು ಸಾಲೇ ಆಧಾರ. ಇಇಒಸಿಗೆ ದೂರು ಕೊಡಲು 180 ದಿನ, ರಾಜ್ಯದಲ್ಲಿ ಇಂಥದೇ ಸಂಸ್ಥೆಯಿದ್ದರೆ 300 ದಿನ. ಎಚ್‌1ಬಿ ಕೆಲಸದ ವೀಸಾದಲ್ಲಿದ್ದರೂ ಈ ಹಕ್ಕು ಇದೆ. ಕೆಲಸ ಹೋದ ಮೇಲೆ ವೀಸಾಗೆ ಸಿಗುವ ಗರಿಷ್ಠ 60 ದಿನಗಳ ಗಡುವು ಬೇರೆ, ದೂರಿನ ಗಡುವು ಬೇರೆ. ಎಚ್‌ಆರ್ ‘ಒಳಗೇ ವಿಚಾರಿಸುತ್ತಿದ್ದೇವೆ, ಸ್ವಲ್ಪ ತಾಳಿ’ ಅಂದಷ್ಟು ದಿನವೂ ಆ 180 ಅಥವಾ 300 ಓಡುತ್ತಲೇ ಇರುತ್ತದೆ.