ಹರ್ಪಿಸ್ ಸಾಕ್ಷಿ ಹೇಳಿತು

14 ಆಗಸ್ಟ್ 2023, ಸೋಮವಾರ, ರಾತ್ರಿ

"ಲಾಕ್‌ಡೌನಿನಲ್ಲಿ ವೈರಲ್ ಮೆನಿಂಜೈಟಿಸ್ ಕಡಿಮೆಯಾಯ್ತು ಅನ್ನೋದೇ ಸುಳ್ಳು ಸರ್. ಜನ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ, ಅಷ್ಟೆ."

ಲ್ಯಾಬಿನ ಹೊಸ ಹುಡುಗನ ಈ ಮಾತು ಇನ್ನೂ ಕೊರೀತಾ ಇದೆ. ತಳ್ಳಿಹಾಕೋ ಹಾಗೂ ಇಲ್ಲ. ಮೆದುಳಿನ ಪೊರೆ ಊದಿಕೊಳ್ಳೋ ಈ ಕಾಯಿಲೆಯ ಜ್ವರ, ತಲೆನೋವು, ಕತ್ತು ಬಿಗಿತ ಇದ್ದರೂ ಕೊರೊನಾ ಭಯಕ್ಕೆ ಮನೆಯಲ್ಲೇ ಮಲಗಿದವರು ಇದ್ದೇ ಇದ್ದರು. ಬೆನ್ನಿನ ನೀರು (ಮೆದುಳು, ಬೆನ್ನುಹುರಿ ಸುತ್ತಲಿನ ದ್ರವ) ತೆಗೆಯದೆ ಲೆಕ್ಕಕ್ಕೆ ಸಿಗೋದಾದರೂ ಹೇಗೆ?

ಆದರೆ ಅದೇ ನೀರಿನಲ್ಲಿ ತುಟಿ, ಗುಪ್ತಾಂಗದಲ್ಲಿ ಗುಳ್ಳೆ ಎಬ್ಬಿಸೋ ಹರ್ಪಿಸನ್ನೂ, ಅದೇ ಗುಂಪಿನ ಸರ್ಪಸುತ್ತಿನ ವೈರಸ್ಸನ್ನೂ ಹುಡುಕ್ತೀವಲ್ಲ! ಸರ್ಪಸುತ್ತಿನದು ಹೊಸದಾಗಿ ಅಂಟಬೇಕಿಲ್ಲ. ವರ್ಷಗಟ್ಟಲೆ ನರದ ಗಂಟಿನಲ್ಲಿ ಮಲಗಿದ್ದು, ಸಮಯ ನೋಡಿ ಏಳುತ್ತೆ. ಹರ್ಪಿಸ್‌ದೂ ಎಷ್ಟೋ ಸಲ ಹಾಗೇ. ಶಾಲೆ ಮುಚ್ಚಿದರೆ ಅದಕ್ಕೇನು? ಜನ ಬರದಿದ್ದದ್ದೇ ಕಾರಣವಾಗಿದ್ದರೆ ಇವೂ ಅಷ್ಟೇ ಇಳಿಯಬೇಕಿತ್ತು. 2020ರಲ್ಲಿ ಹಲವು ದೇಶಗಳಲ್ಲಿ, ಈ ಕಾಯಿಲೆ ತರೋ ವೈರಸ್‌ಗಳಲ್ಲಿ ಮುಖ್ಯವಾದ ಎಂಟೆರೊವೈರಸ್ ಪಾತಾಳ ಕಂಡಿತು. ಹರ್ಪಿಸ್ ಗುಂಪು ಆ ಪರಿ ಬೀಳಲಿಲ್ಲ. ಇಳಿಕೆ ನಿಜ, ಒಂದಿಷ್ಟು ಉತ್ಪ್ರೇಕ್ಷೆಯೂ ಸೇರಿದೆ.

ಸ್ಯಾನಿಟೈಸರಿಗೆ ಈ ಕೀರ್ತಿ ಕೊಡೋದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಕೊರೊನಾಗೆ ಕೊಬ್ಬಿನ ಹೊದಿಕೆ ಇದೆ, ಆಲ್ಕೋಹಾಲ್ ತಗುಲಿದರೆ ಕರಗುತ್ತೆ. ಎಂಟೆರೊಗೆ ಆ ಹೊದಿಕೆಯೇ ಇಲ್ಲ, ಹೊಟ್ಟೆಯ ಆಮ್ಲವನ್ನೂ ದಾಟಿ ಹೋಗೋ ಗಟ್ಟಿ ಜೀವ. ಅದನ್ನು ಸೋಪು ಹಾಕಿ 20 ಸೆಕೆಂಡು ಉಜ್ಜಿ, ಹರಿಯೋ ನೀರಲ್ಲಿ ತೊಳೆದು ಸಾಗಹಾಕಬೇಕು. ಮಗುವಿನ ಡಯಾಪರ್ ಬದಲಿಸೋ ಜಾಗಕ್ಕೆ 5 ಶೇಕಡಾ ಬ್ಲೀಚ್ 20 ಮಿಲಿ, ನೀರು 980 ಮಿಲಿ, ದಿನಾ ಹೊಸದಾಗಿ ಕಲಸಿದ್ದು. ಮೊದಲು ಗಲೀಜು ಒರೆಸಲೇಬೇಕು. ಮಲದ ಮೇಲೇ ಸುರಿದರೆ ಬ್ಲೀಚಿನ ಶಕ್ತಿಯೆಲ್ಲ ಅಲ್ಲೇ ಖರ್ಚು. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಮಲದಲ್ಲಿ ವೈರಸ್ ಹೋಗ್ತಾನೇ ಇರುತ್ತೆ. ಹಾಗಾಗಿ ಪುಟ್ಟ ಮಕ್ಕಳು ಒಟ್ಟು ಸೇರದಿದ್ದದ್ದೇ ದೊಡ್ಡ ಕಾರಣ ಅಂತ ನನ್ನ ಅಂದಾಜು.

ಸೋಂಕೇ ತಗುಲದೆ ಕಳೆದ ಆ ದಿನಗಳ ಸಾಲ ಆಮೇಲೆ ತೀರಿಸಬೇಕಾಗುತ್ತೆ. ತಾಯಿಗೆ ಪ್ರತಿಕಾಯ ಇಲ್ಲದಿದ್ದರೆ ಹಸುಗೂಸಿಗೆ ಎಲ್ಲಿಂದ ಬರಬೇಕು? 2022ರ ಜುಲೈಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪರೆಕೊವೈರಸ್ ಬಗ್ಗೆ ವೈದ್ಯರನ್ನು ಎಚ್ಚರಿಸಿತು. ಎಂಟೆರೊದ ದಾಯಾದಿಯೇ ಅದು. ಅದು ತಗುಲಿದ ಹಸುಗೂಸಿನ ಬೆನ್ನಿನ ನೀರಿನಲ್ಲಿ ಬಿಳಿ ರಕ್ತಕಣ ಏರಿರೋದೇ ಇಲ್ಲ ಎಷ್ಟೋ ಸಲ. "ಕಣ ಇಲ್ಲ, ಪಿಸಿಆರ್ ಬೇಡ" ಅಂದರೆ ಅಲ್ಲೇ ಎಡವಟ್ಟು. ಎಂಟೆರೊ ಪರೀಕ್ಷೆಯಲ್ಲಿ ಇದು ಸಿಗಲ್ಲ, ಪರೆಕೊ ಅಂತಲೇ ಬರೆದು ಕೇಳಬೇಕು. ಜೊತೆಗೆ ಮಲದ ಮಾದರಿಯೂ ಹೋಗಲಿ, ಬೆನ್ನಿನ ನೀರಿನಿಂದ ವೈರಸ್ ಬೇಗ ಮಾಯವಾಗುತ್ತೆ.

ಒಂದೇ ಒಂದು ಮುಳ್ಳು ಉಳೀತು. ನೆಗಡಿಯ ರೈನೊವೈರಸ್ ಕೂಡ ಎಂಟೆರೊ ಕುಲದ್ದೇ, ಅದಕ್ಕೂ ಹೊದಿಕೆ ಇಲ್ಲ. ಫ್ಲೂ ಮಾಯವಾದ 2020ರಲ್ಲೂ ಅದು ಆರಾಮಾಗಿ ಓಡಾಡಿಕೊಂಡಿತ್ತು. ರೈನೊ ಮೂಗಿನ ದಾರಿ, ಎಂಟೆರೊಗೆ ಕರುಳಿನ ದಾರಿಯೂ ಇದೆ, ಹಾಗಿದ್ದರೆ ಮಾಸ್ಕು ತಡೆದದ್ದು ಯಾವುದನ್ನ, ನಾಳೆ ಹುಡುಗ ಇದನ್ನೇ ಕೇಳಿದರೆ